‘ಸರ್ಕಾರಿ ಜಾಗ ಅಜ್ಜಾ, ಯಾರದ್ದೂ ಅಲ್ಲ!’

ನಿಜ ಹೇಳಿಬಿಡುತ್ತೇನೆ. ಆ ಶನಿವಾರ ಸಂಜೆ ನಾನು ಹೋಗಿದ್ದು ಸಾಕ್ಷ್ಯಚಿತ್ರ ನೋಡುವುದಕ್ಕಲ್ಲ. ಹಾಸ್ಟೆಲ್ ಮೆಸ್ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಒಂದು ಪೋಸ್ಟರ್ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಆಸ್ಟ್ರೇಲಿಯಾ’, ಕೆಳಗೆ ‘ಪ್ರವೇಶ ಉಚಿತ, ಚಹಾ ಉಂಟು’. ನಡುವಿನ ಸಾಲುಗಳ ಮೇಲೆ ಯಾರೋ ಪುಣ್ಯಾತ್ಮರು ‘ಪಿ.ಜಿ. ರೂಮು ಖಾಲಿ ಇದೆ’ ಅಂತ ಚೀಟಿ ಅಂಟಿಸಿಬಿಟ್ಟಿದ್ದರು. ನನಗೋ ಬಿ.ಇ. ಸಿವಿಲ್, ಆರನೇ ಸೆಮಿಸ್ಟರ್. ಮುಗಿದ ಮೇಲೆ ಎಂ.ಎಸ್.ಗೆ ಆಸ್ಟ್ರೇಲಿಯಾಗೆ ಹಾರಬೇಕು ಅನ್ನುವುದು ಎರಡು ವರ್ಷದ ಕನಸು. ದೊಡ್ಡಪ್ಪನ ಮಗ ಆಗಲೇ ಮೆಲ್ಬರ್ನಿನಲ್ಲಿ ಓದುತ್ತಿದ್ದಾನೆ. ಸ್ಟೂಡೆಂಟ್ ವೀಸಾ, ಪಾರ್ಟ್ ಟೈಮ್ ಕೆಲಸ, ಪಿ.ಆರ್. ಪಾಯಿಂಟ್ಸ್ ಬಗ್ಗೆ ಯಾರೋ ಕನ್ಸಲ್ಟೆನ್ಸಿಯವರು ಸೆಮಿನಾರ್ ಇಟ್ಟಿರಬೇಕು ಅಂದುಕೊಂಡೆ. ಐ.ಇ.ಎಲ್.ಟಿ.ಎಸ್. ಪ್ರಶ್ನೆಗಳನ್ನು ಬರೆದುಕೊಳ್ಳೋಣ ಅಂತ ಒಂದು ನೋಟ್‌ಬುಕ್ ಬೇರೆ ಬ್ಯಾಗಿಗೆ ಹಾಕಿಕೊಂಡೆ. ಸರ್ವೆ ಕ್ಯಾಂಪಿನಲ್ಲಿ ನನ್ನ ಬ್ಯಾಚಿನಲ್ಲೇ ಇದ್ದ ಗೆಳೆಯನನ್ನೂ ಎಳೆದುಕೊಂಡು ಹೋದೆ.

ಹೋಗಿ ನೋಡಿದರೆ ಮೈಸೂರಿನ ಒಂದು ಹಳೇ ಕಟ್ಟಡದ ಮಹಡಿ. ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಅರ್ಧಕ್ಕರ್ಧ ಖಾಲಿ. ಗೋಡೆಗೆ ಕಟ್ಟಿದ ಬಿಳಿ ಪಂಚೆಯಂಥ ಪರದೆ. ಟೈ ಕಟ್ಟಿದ ಕನ್ಸಲ್ಟೆಂಟ್ ಯಾರೂ ಕಾಣಲಿಲ್ಲ. ನಿವೃತ್ತ ಕಾನೂನು ಮೇಷ್ಟ್ರೊಬ್ಬರು ಲ್ಯಾಪ್‌ಟಾಪಿನ ವೈರು ಹಿಡಿದು ಒದ್ದಾಡುತ್ತಿದ್ದರು. ಎದ್ದು ಹೋಗೋಣ ಅಂದರೆ ಹೊರಗೆ ಮಳೆ. ಚಹಾ ಇನ್ನೂ ಬಂದಿರಲಿಲ್ಲ. ಕೂತೆವು.

ತೋರಿಸಿದ್ದು ‘ಮಾಬೊ: ಲೈಫ್ ಆಫ್ ಆ್ಯನ್ ಐಲ್ಯಾಂಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ. 1997ರದ್ದು, ನಿರ್ದೇಶಕ ಟ್ರೆವರ್ ಗ್ರಹಾಂ. ಆಸ್ಟ್ರೇಲಿಯಾ ಅಂದರೆ ಬಾರ್ಡರ್-ಗಾವಸ್ಕರ್ ಟ್ರೋಫಿ, ಕಾಂಗರೂ, ಸಿಡ್ನಿ ಒಪೆರಾ ಹೌಸ್ ಎಂದಷ್ಟೇ ಗೊತ್ತಿದ್ದ ನನಗೆ ಅಲ್ಲಿನ ಮೂಲನಿವಾಸಿಗಳು ಅಂದರೆ ಬೂಮರಾಂಗ್ ಎಸೆಯುವವರು, ಮುಗಿಯಿತು. ಜನರಲ್ ನಾಲೆಡ್ಜ್ ಪುಸ್ತಕದ ಒಂದು ಅಂಕದ ಉತ್ತರ.

ಎಡ್ಡಿ ಕೊಯ್ಕಿ ಮಾಬೊ ಹುಟ್ಟಿದ್ದು 1936ರಲ್ಲಿ, ಮೇರ್ ಎಂಬ ದ್ವೀಪದಲ್ಲಿ. ಆಸ್ಟ್ರೇಲಿಯಾದ ಈಶಾನ್ಯ ತುದಿಗೂ ಪಪುವಾ ನ್ಯೂಗಿನಿಗೂ ನಡುವಿನ ಟಾರೆಸ್ ಜಲಸಂಧಿಯಲ್ಲಿದೆ ಈ ಚುಕ್ಕಿ. ಉದ್ದ ಮೂರು ಕಿಲೋಮೀಟರೂ ಇಲ್ಲ, ಅಗಲ ಅದಕ್ಕಿಂತ ಕಡಿಮೆ. ನಾವು ಸರ್ವೆ ಕ್ಯಾಂಪಿನಲ್ಲಿ ಹತ್ತು ದಿನಕ್ಕೆ ಅಳೆದು ಮುಗಿಸಬಹುದಾದಷ್ಟು ನೆಲ. ತಾಯಿ ಹೆತ್ತಕೂಡಲೇ ತೀರಿಕೊಂಡಳು. ಸೋದರಮಾವ ಬೆನ್ನಿ ಮಾಬೊ ಮತ್ತವನ ಹೆಂಡತಿ ಮಗುವನ್ನು ತಮ್ಮದಾಗಿಸಿಕೊಂಡರು. ಅಲ್ಲಿನ ಪದ್ಧತಿಯ ಪ್ರಕಾರ ದತ್ತು ಅಂದರೆ ದತ್ತು, ಕಾಗದ ಪತ್ರ ಏನಿಲ್ಲ. ಈ ಕಾಗದ ಇಲ್ಲದ ದತ್ತುವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹದಿಹರೆಯದಲ್ಲಿ ಕುಡಿದ ತಪ್ಪಿಗೆ ದ್ವೀಪದ ಕೌನ್ಸಿಲ್ ಅವನನ್ನು ಊರು ಬಿಡಿಸಿತು. ಮುಖ್ಯ ಭೂಭಾಗಕ್ಕೆ ಬಂದ. ಮುತ್ತು ತೆಗೆಯುವ ದೋಣಿಗಳಲ್ಲಿ, ಕಬ್ಬಿನ ಗದ್ದೆಯಲ್ಲಿ, ರೈಲ್ವೆ ಹಳಿಯ ಮೇಲೆ ದುಡಿದ. ಬೊನಿಟಾಳನ್ನು ಮದುವೆಯಾದ. ಹತ್ತು ಮಕ್ಕಳು, ಅದರಲ್ಲಿ ಮೂವರು ದತ್ತು. ಬಿಳಿಯರ ಶಾಲೆಯಲ್ಲಿ ತಮ್ಮ ಮಕ್ಕಳು ತಮ್ಮತನ ಮರೆಯುತ್ತಿದ್ದಾರೆ ಅನ್ನಿಸಿದಾಗ 1973ರಲ್ಲಿ ಟೌನ್ಸ್‌ವಿಲ್ ಊರಿನಲ್ಲಿ ಕಪ್ಪು ಮಕ್ಕಳಿಗಾಗಿಯೇ ಒಂದು ಶಾಲೆ ಕಟ್ಟುವುದರಲ್ಲಿ ಮುಂದೆ ನಿಂತ. ಸಾಕುತಂದೆ ಸಾವಿನ ಹಾಸಿಗೆಯಲ್ಲಿದ್ದಾಗ ನೋಡಲು ಹೋಗಲು ಅನುಮತಿ ಕೇಳಿದ. ಸಿಗಲಿಲ್ಲ. ಹುಟ್ಟಿದ ದ್ವೀಪಕ್ಕೆ ಹೋಗಲು ಅನುಮತಿ! ನನ್ನ ಪಕ್ಕ ಕೂತಿದ್ದ ಗೆಳೆಯ ಇಲ್ಲಿ ಮೊಬೈಲ್ ಒಳಗಿಟ್ಟ.

ಆತ ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ತೋಟದ ಮಾಲಿಯಾಗಿದ್ದ. ಕೆಲಸದ ನಡುವೆ ಲೈಬ್ರರಿಗೆ ಹೋಗಿ ತನ್ನ ಜನರ ಬಗ್ಗೆ ಬೇರೆಯವರು ಬರೆದದ್ದನ್ನು ಓದುತ್ತಿದ್ದ. 1974ರ ಆಸುಪಾಸು ಒಂದು ಮಧ್ಯಾಹ್ನ ಅಲ್ಲಿನ ಇತಿಹಾಸದ ಅಧ್ಯಾಪಕರಾದ ಹೆನ್ರಿ ರೆನಾಲ್ಡ್ಸ್, ನೋಯೆಲ್ ಲೂಸ್ ಜತೆ ಊಟಕ್ಕೆ ಕೂತಿದ್ದಾನೆ. ಮೇರ್ ದ್ವೀಪದಲ್ಲಿರುವ ತನ್ನ ಜಮೀನಿನ ಬಗ್ಗೆ ಹೇಳುತ್ತಿದ್ದಾನೆ. ಇದು ನಮ್ಮದು, ಅದು ಪಕ್ಕದವರದ್ದು, ಇಲ್ಲಿಂದ ಅಲ್ಲಿವರೆಗೆ. ಕೇಳುತ್ತಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಹೇಳಲೇಬೇಕಾಯಿತು: ನೀನು ನಿನ್ನದು ಅಂದುಕೊಂಡಿರುವ ನೆಲ ಕಾನೂನಿನ ಪ್ರಕಾರ ನಿನ್ನದಲ್ಲ. ಅದು ಕ್ರೌನ್ ಲ್ಯಾಂಡ್, ಅಂದರೆ ಸರ್ಕಾರದ್ದು. ಆತನಿಗೆ ನಂಬಲಿಕ್ಕೇ ಆಗಲಿಲ್ಲವಂತೆ.

ಇಲ್ಲಿ ನನಗೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಯಾಕೆಂದರೆ ಆ ಮಾತನ್ನು ನಾನೇ ಒಬ್ಬರಿಗೆ ಹೇಳಿದ್ದೆ.

ಸಿವಿಲ್ ಓದುವವರಿಗೆ ಗೊತ್ತಿರುತ್ತದೆ, ಎಕ್ಸ್‌ಟೆನ್ಸಿವ್ ಸರ್ವೆ ಕ್ಯಾಂಪ್ ಅಂದರೆ ಕೋರ್ಸಿನ ಹಬ್ಬ. ಟೋಟಲ್ ಸ್ಟೇಷನ್, ಲೆವೆಲ್, ಸ್ಟಾಫ್ ಹೊತ್ತುಕೊಂಡು ಹಳ್ಳಿಗೆ ಹೋಗಿ ಕೆರೆ, ರಸ್ತೆ, ನೀರು ಸರಬರಾಜಿಗೆ ಅಳತೆ ಮಾಡಬೇಕು. ನಮ್ಮ ಆರು ಜನರ ಬ್ಯಾಚಿಗೆ ಬಂದದ್ದು ಹೊಸ ಕೆರೆಯ ಪ್ರಾಜೆಕ್ಟ್, ಹೆಗ್ಗಡದೇವನಕೋಟೆ ಕಡೆ, ಕುರುಚಲು ಕಾಡಿನ ಅಂಚಿನಲ್ಲಿ. ಕೆರೆ ನಿಜಕ್ಕೂ ಆಗುವುದಿಲ್ಲ, ಎಲ್ಲ ಮಾರ್ಕ್ಸಿಗಾಗಿ. ಲೆವೆಲಿಂಗ್ ಮಾಡುವಾಗ ಚೇಂಜ್ ಪಾಯಿಂಟಿಗೆ ಅಲುಗಾಡದ ಕಲ್ಲು ಬೇಕು. ಒಂದು ಕಡೆ ಮೂರು ಕಲ್ಲು ಸಾಲಾಗಿ ನೆಟ್ಟಿದ್ದವು, ಮೊಳದೆತ್ತರ. ನಡುವಿನದರ ತಲೆ ಚಪ್ಪಟೆ. ಹೇಳಿ ಮಾಡಿಸಿದ ಹಾಗಿತ್ತು. ಅದರ ಮೇಲೆ ಕೆಂಪು ಪೇಂಟಿನಲ್ಲಿ ಒಂದು ಇಂಟು ಗುರುತು ಹಾಕಿ ಸ್ಟಾಫ್ ನಿಲ್ಲಿಸಿದೆವು.

ಹತ್ತಿರದ ಹಾಡಿಯ ಅಜ್ಜ ಒಬ್ಬರು ಬಹಳ ಹೊತ್ತಿನಿಂದ ದೂರ ನಿಂತು ನೋಡುತ್ತಿದ್ದರು. ಆಮೇಲೆ ಬಂದು, ‘ಇದು ನಮ್ ತಾತದೀರ ಜಾಗ ಕಣಪ್ಪಾ, ಯಾಕೆ ಅಳೀತಿದ್ದೀರಿ?’ ಅಂದರು. ನಾನು ಟ್ರೈಪಾಡ್ ಕಾಲು ಸರಿಮಾಡುತ್ತಲೇ ಹೇಳಿದೆ: ‘ಸರ್ಕಾರಿ ಜಾಗ ಅಜ್ಜಾ, ಯಾರದ್ದೂ ಅಲ್ಲ. ರೆಕಾರ್ಡಲ್ಲಿ ಹಂಗೇ ಇದೆ.’ ನಾನು ರೆಕಾರ್ಡ್ ನೋಡಿರಲೇ ಇಲ್ಲ. ಅಜ್ಜ ವಾದ ಮಾಡಲಿಲ್ಲ. ನಾವು ಸ್ಟಾಫ್ ಎತ್ತಿಕೊಂಡ ಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಆ ಪೇಂಟನ್ನು ಒರೆಸಲು ನೋಡಿದರು. ಪೇಂಟ್ ಹಸಿಯಾಗಿತ್ತು, ಇನ್ನಷ್ಟು ಹರಡಿತು. ನಾವು ನಕ್ಕಿರಲಿಲ್ಲ, ಅಷ್ಟೇ ಸಮಾಧಾನ. ಆಮೇಲೆ ಮರೆತೂಬಿಟ್ಟಿದ್ದೆ.

ಪರದೆಯ ಮೇಲೆ ಕಥೆ ಮುಂದೆ ಹೋಗುತ್ತಿತ್ತು. ಬ್ರಿಟಿಷರು ಆಸ್ಟ್ರೇಲಿಯಾದಲ್ಲಿ ನೆಲೆ ನಿಂತದ್ದು 1788ರಲ್ಲಿ. ಸಾವಿರಾರು ತಲೆಮಾರಿನಿಂದ ಜನ ಅಲ್ಲಿದ್ದರು, ನೂರಾರು ಭಾಷೆಗಳಿದ್ದವು. ಆದರೂ ಕಾನೂನು ಮಾತ್ರ ಆ ನೆಲಕ್ಕೆ ಮೊದಲು ಒಡೆಯರೇ ಇರಲಿಲ್ಲವೆಂಬಂತೆ ನಡೆದುಕೊಂಡಿತು. ಇದಕ್ಕೆ ‘ಟೆರ್ರಾ ನಲ್ಲಿಯಸ್’ ಎಂಬ ಲ್ಯಾಟಿನ್ ಹೆಸರು, ಯಾರದ್ದೂ ಅಲ್ಲದ ನೆಲ ಅಂತ ಅರ್ಥ. ಲ್ಯಾಟಿನ್‌ನಲ್ಲಿ ಹೇಳಿದರೆ ಎಂಥ ಸುಳ್ಳಿಗೂ ಒಂದು ಗಾಂಭೀರ್ಯ ಬಂದುಬಿಡುತ್ತದೆ. ನಾನು ಅಜ್ಜನಿಗೆ ಕನ್ನಡದಲ್ಲಿ ಹೇಳಿದ್ದೆ.

1982ರ ಮೇ ತಿಂಗಳಲ್ಲಿ ಮಾಬೊ ಮತ್ತು ದ್ವೀಪದ ಇನ್ನು ನಾಲ್ವರು ಕ್ವೀನ್ಸ್‌ಲ್ಯಾಂಡ್ ಸರ್ಕಾರದ ವಿರುದ್ಧ ಆಸ್ಟ್ರೇಲಿಯಾದ ಹೈಕೋರ್ಟಿಗೆ ಹೋದರು. ಅಲ್ಲಿ ಹೈಕೋರ್ಟ್ ಅಂದರೆ ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ, ಅದರ ಮೇಲೆ ಇನ್ನೊಂದಿಲ್ಲ. ಕೇಸು ನಡೆಯುತ್ತಿರುವಾಗಲೇ 1985ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಒಂದು ಕಾಯ್ದೆ ತಂದಿತು. ದ್ವೀಪದವರಿಗೆ ಏನಾದರೂ ಹಕ್ಕು ಇದ್ದಿದ್ದರೆ ಅದು 1879ರಲ್ಲಿ ದ್ವೀಪವನ್ನು ಸೇರಿಸಿಕೊಂಡಾಗಲೇ ಹೋಯಿತು, ಪರಿಹಾರವೂ ಇಲ್ಲ ಅಂತ. ಆಟದ ನಡುವೆ ರೂಲ್ಸ್ ಬದಲಾಯಿಸುವ ಗಲ್ಲಿ ಕ್ರಿಕೆಟ್ಟಿನ ಬ್ಯಾಟ್ ಮಾಲೀಕ ನೆನಪಾದ. 1988ರಲ್ಲಿ ಹೈಕೋರ್ಟ್ ಆ ಕಾಯ್ದೆಯನ್ನು ತಳ್ಳಿಹಾಕಿತು. ಜನಾಂಗ ತಾರತಮ್ಯ ತಡೆಯುವ 1975ರ ಕೇಂದ್ರ ಕಾಯ್ದೆಗೆ ಅದು ವಿರುದ್ಧವಾಗಿತ್ತು.

ನನಗೆ ಹಿಡಿಸಿದ ಭಾಗ ಸಾಕ್ಷ್ಯದ್ದು. ವಾಸ್ತವಾಂಶ ಪರಿಶೀಲಿಸುವ ಕೆಲಸ ಜಸ್ಟಿಸ್ ಮೊಯ್ನಿಹಾನ್ ಎಂಬ ನ್ಯಾಯಾಧೀಶರದ್ದು. ಅವರ ಕೋರ್ಟ್ 1989ರಲ್ಲಿ ಮೇರ್ ದ್ವೀಪಕ್ಕೇ ಹೋಗಿ ಕಲಾಪ ನಡೆಸಿತು. ಅಲ್ಲಿನ ಜನರ ಹತ್ತಿರ ಪಹಣಿ ಇಲ್ಲ, ನಕ್ಷೆ ಇಲ್ಲ, ಸರ್ವೆ ನಂಬರ್ ಇಲ್ಲ. ಆದರೆ ಯಾರ ತೋಟ ಎಲ್ಲಿಗೆ ಮುಗಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದು ಮರ, ಒಂದು ಕಲ್ಲು, ಒಂದು ದಿಬ್ಬದ ಏಣು. ಅದಕ್ಕೆ ಮೇಲೆ ಮಾಲೊ ಎಂಬ ದೈವದ ಕಟ್ಟಳೆ: ನಿನ್ನದಲ್ಲದ್ದನ್ನು ಮುಟ್ಟಬೇಡ, ಇನ್ನೊಬ್ಬರ ನೆಲಕ್ಕೆ ನುಗ್ಗಬೇಡ. ನಾನು ಮೂರು ವರ್ಷದಿಂದ ಓದುತ್ತಿರುವುದೂ ಇದನ್ನೇ ತಾನೇ? ಗಡಿ ಅಂದರೇನು, ಅದನ್ನು ಗುರುತಿಸುವುದು ಹೇಗೆ, ಮುಂದಿನವರು ಬಂದಾಗ ಅದು ಸಿಗುವಂತೆ ಮಾಡುವುದು ಹೇಗೆ. ನಮ್ಮ ಬೆಂಚ್ ಮಾರ್ಕು ಸಿಮೆಂಟಿನದ್ದು, ಅವರದ್ದು ಕಥೆಯದ್ದು. ಯಾವುದು ಹೆಚ್ಚು ವರ್ಷ ಬಾಳುತ್ತದೆ ಅಂತ ಕೇಳಿದರೆ ನಮ್ಮ ಕ್ಯಾಂಪಿನ ಗೂಟಗಳ ಗತಿ ನೋಡಿದವನಾಗಿ ಉತ್ತರ ಹೇಳಲು ನಾಚಿಕೆಯಾಗುತ್ತದೆ.

ಈಗ ಆ ದತ್ತುವಿನ ವಿಷಯ. 1990ರಲ್ಲಿ ಮೊಯ್ನಿಹಾನ್ ವರದಿ ಕೊಟ್ಟಾಗ, ಎಡ್ಡಿ ಮಾಬೊ ಬೆನ್ನಿ ಮಾಬೊನ ದತ್ತುಪುತ್ರ ಎಂಬುದನ್ನೇ ಅವರು ಒಪ್ಪಲಿಲ್ಲ. ಹಾಗಾಗಿ ಆ ತೋಟಗಳ ಮೇಲೆ ಅವನ ಸ್ವಂತ ಹಕ್ಕೂ ನಿಲ್ಲಲಿಲ್ಲ. ಕೇಸಿನ ಹೆಸರು ಅವನದು, ಸೋತವನೂ ಅವನೇ. ಇಂಥಲ್ಲಿ ನಾನಾಗಿದ್ದರೆ ಎದ್ದು ಹೋಗುತ್ತಿದ್ದೆ. ಆತ ಹೋಗಲಿಲ್ಲ. ಉಳಿದವರ ಹಕ್ಕು ಇನ್ನೂ ಉಳಿದಿತ್ತಲ್ಲ. 1992ರ ಜನವರಿ 21ರಂದು ಕ್ಯಾನ್ಸರಿನಿಂದ ತೀರಿಕೊಂಡ. ಐದು ತಿಂಗಳೂ ಕಳೆದಿರಲಿಲ್ಲ, ಜೂನ್ 3ರಂದು ತೀರ್ಪು ಬಂತು. ಏಳು ನ್ಯಾಯಾಧೀಶರಲ್ಲಿ ಆರು ಮಂದಿ ಮೇರ್ ಜನರ ಪರ. ಬ್ರಿಟಿಷರು ಬರುವ ಮುಂಚಿನ ಹಕ್ಕು ಅವರು ಬಂದ ಮಾತ್ರಕ್ಕೆ ಅಳಿಸಿಹೋಗಲಿಲ್ಲ, ನೆಲ ಖಾಲಿ ಇತ್ತು ಅನ್ನುವುದನ್ನು ಇನ್ನು ಒಪ್ಪಲಾಗದು ಎಂದು. ಇನ್ನೂರು ವರ್ಷದ ಲೆಕ್ಕ ತಪ್ಪಾಗಿತ್ತು ಅಂತ ಒಂದು ದೇಶದ ಅತ್ಯುನ್ನತ ಕೋರ್ಟ್ ಒಪ್ಪಿಕೊಂಡಿತು. ಮರುವರ್ಷ ‘ನೇಟಿವ್ ಟೈಟಲ್’ ಕಾಯ್ದೆ ಬಂತು.

ಸಿನಿಮಾ ಆಗಿದ್ದರೆ ಇಲ್ಲಿ ಶುಭಂ. ಆದರೆ 1995ರ ಜೂನ್ 3ರಂದು, ತೀರ್ಪಿನ ಮೂರನೇ ವರ್ಷದ ದಿನ, ಟೌನ್ಸ್‌ವಿಲ್‌ನಲ್ಲಿ ಅವನ ಸಮಾಧಿ ಕಲ್ಲನ್ನು ಅನಾವರಣ ಮಾಡಿದರು. ಹಾಡು, ಕುಣಿತ, ಊಟ. ಆ ರಾತ್ರಿಯೇ ಯಾರೋ ಬಂದು ಕಲ್ಲಿನ ಮೇಲೆ ಸ್ಪ್ರೇ ಪೇಂಟಿನಲ್ಲಿ ಹಿಟ್ಲರನ ಸ್ವಸ್ತಿಕ ಬಳಿದರು, ಮೂಲನಿವಾಸಿಗಳನ್ನು ಹೀಯಾಳಿಸುವ ಪದ ಬರೆದರು, ಕಂಚಿನ ಮುಖವನ್ನು ಕಿತ್ತುಕೊಂಡು ಹೋದರು. ಕಡೆಗೆ ಕುಟುಂಬದವರು ಅವನ ದೇಹವನ್ನು ಮೇಲೆತ್ತಿ ಮೇರ್ ದ್ವೀಪಕ್ಕೇ ಒಯ್ದು ಮಣ್ಣು ಮಾಡಿದರು. ಬದುಕಿದ್ದಾಗ ಅನುಮತಿ ಕೇಳಿ ಹೋಗಬೇಕಿದ್ದ ಊರು.

ಕಲ್ಲಿನ ಮೇಲೆ ಪೇಂಟ್. ನಾನು ಗೆಳೆಯನ ಮುಖ ನೋಡಲಿಲ್ಲ, ಅವನೂ ನನ್ನ ಮುಖ ನೋಡಲಿಲ್ಲ. ನಮ್ಮದು ದ್ವೇಷದ ಬಣ್ಣ ಅಲ್ಲ ನಿಜ, ಲೆಕ್ಕದ ಬಣ್ಣ. ಒರೆಸುವ ಟವೆಲ್ಲಿಗೆ ಅದರ ವ್ಯತ್ಯಾಸ ಗೊತ್ತಾಗುತ್ತದೆಯೇ?

ಲೈಟ್ ಹಾಕಿದರು. ಚಹಾ ಬಂತು. ಸಂವಾದ ಅಂದರೆ ಮೈಕ್ ಹಿಡಿದವರ ಭಾಷಣ ಅಂದುಕೊಂಡಿದ್ದೆ, ಆದರೆ ಅಲ್ಲಿ ಮೈಕೇ ಇರಲಿಲ್ಲ. ಮೇಷ್ಟ್ರು ಮೊದಲು ಒಂದು ತಿದ್ದುಪಡಿ ಮಾಡಿದರು. ಮಾಬೊ ಅಬೊರಿಜಿನಲ್ ಅಲ್ಲ, ಟಾರೆಸ್ ಜಲಸಂಧಿಯ ದ್ವೀಪದವ. ಇಬ್ಬರೂ ಬೇರೆ ಬೇರೆ ಜನ, ಬೇರೆ ಸಂಸ್ಕೃತಿ. ಒಂದು ಪುಟ್ಟ ದ್ವೀಪದವರ ತೀರ್ಪಿನಿಂದ ಇಡೀ ಖಂಡದ ಅಬೊರಿಜಿನಲ್ ಜನರಿಗೂ ಬಾಗಿಲು ತೆರೆಯಿತು ಅನ್ನುವುದೇ ಇದರ ದೊಡ್ಡತನ. ಅದಕ್ಕೆ ಮುಂಚೆ ಬಾಗಿಲು ಬಡಿದವರಿಗೆ ಏನಾಯಿತು ಅಂತಲೂ ಹೇಳಿದರು. ಉತ್ತರದ ಗೋವ್ ಪ್ರದೇಶದಲ್ಲಿ ಬಾಕ್ಸೈಟ್ ಗಣಿಗೆ ನೆಲ ಕೊಟ್ಟಾಗ ಅಲ್ಲಿನ ಯೊಲ್ಙು ಜನ 1963ರಲ್ಲಿ ಮರದ ತೊಗಟೆಯ ಮೇಲೆ ಚಿತ್ರ ಬರೆದು ಅದರಲ್ಲಿ ಮನವಿ ಅಂಟಿಸಿ ಸಂಸತ್ತಿಗೆ ಕಳಿಸಿದರು. ಕೋರ್ಟಿಗೂ ಹೋದರು. 1971ರಲ್ಲಿ ಜಸ್ಟಿಸ್ ಬ್ಲ್ಯಾಕ್‌ಬರ್ನ್, ಇವರಿಗೆ ಬಹಳ ನಾಜೂಕಾದ ಸ್ವಂತ ಕಾನೂನು ವ್ಯವಸ್ಥೆ ಇದೆ ಎಂದು ಒಪ್ಪಿಕೊಂಡೇ, ಅದು ನಮ್ಮ ಕಾನೂನಿನಲ್ಲಿ ಆಸ್ತಿ ಹಕ್ಕು ಆಗುವುದಿಲ್ಲ ಎಂದರು. ಕಾನೂನು ಇದೆ, ಆದರೆ ಹಕ್ಕಿಲ್ಲ!

ಲಾ ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು, ‘1992ಕ್ಕೆ ಎಲ್ಲ ಸರಿಹೋಯ್ತಾ ಸಾರ್?’ ಮೇಷ್ಟ್ರು ನಕ್ಕರು. ನೇಟಿವ್ ಟೈಟಲ್ ಬೇಕಾದರೆ, ಬಿಳಿಯರು ಬಂದಾಗಿನಿಂದ ಇವತ್ತಿನವರೆಗೆ ಆ ನೆಲದ ಜತೆಗಿನ ನಂಟು, ಸಂಪ್ರದಾಯ ಕಡಿದುಹೋಗಿಲ್ಲ ಅಂತ ಸಾಬೀತು ಮಾಡಬೇಕು. ದಕ್ಷಿಣದ ಯೋರ್ಟಾ ಯೋರ್ಟಾ ಜನ ಹೋದಾಗ 2002ರಲ್ಲಿ ಹೈಕೋರ್ಟ್ ಅವರ ಬೇಡಿಕೆ ತಳ್ಳಿಹಾಕಿತು. ಅವರ ಹಳೆಯ ಬದುಕಿನ ಕೊಂಡಿ ಕಳಚಿಹೋಗಿದೆ ಅಂತ. ಕಳಚಿದವರು ಯಾರು? ಮಿಷನ್‌ಗಳಿಗೆ ತುಂಬಿದವರು, ಭಾಷೆ ಆಡಬೇಡಿ ಅಂದವರು, ಮಕ್ಕಳನ್ನು ಕಿತ್ತುಕೊಂಡು ಹೋದವರು. ಅಂದರೆ ಯಾರನ್ನು ಹೆಚ್ಚು ಓಡಿಸಿದ್ದರೋ ಅವರಿಗೇ ಸಾಕ್ಷಿ ಕಡಿಮೆ. ಇದನ್ನು ಕೇಳಿ ಆ ಹುಡುಗಿ ಬರೆಯುತ್ತಿದ್ದ ಪೆನ್ ಕೆಳಗಿಟ್ಟಳು. 2023ರ ಅಕ್ಟೋಬರ್ 14ರ ಜನಮತದ ಮಾತೂ ಬಂತು. ಮೂಲನಿವಾಸಿಗಳ ವಿಷಯದಲ್ಲಿ ಸಂಸತ್ತಿಗೆ ಸಲಹೆ ಹೇಳಲು ಅವರದೇ ಒಂದು ಮಂಡಳಿಯನ್ನು ಸಂವಿಧಾನದಲ್ಲಿ ಸೇರಿಸೋಣವೇ ಅಂತ ಕೇಳಿದ್ದರು. ಶೇ 60ರಷ್ಟು ಮಂದಿ ಬೇಡ ಅಂದರು. ಬರೀ ಸಲಹೆ ಹೇಳುವುದಕ್ಕೆ!

ನನ್ನ ಅಣ್ಣ ಹೇಳಿದ್ದು ಆಗ ನೆನಪಾಗಿ ನಾನೂ ಬಾಯಿ ಹಾಕಿದೆ. ಅವನ ಯೂನಿವರ್ಸಿಟಿಯಲ್ಲಿ ಯಾವ ಕಾರ್ಯಕ್ರಮ ಇದ್ದರೂ, ನಮ್ಮಲ್ಲಿ ಪ್ರಾರ್ಥನೆ ಹಾಡುವ ಹಾಗೆ, ಮೊದಲು ‘ನಾವು ನಿಂತಿರುವುದು ವುರುಂಡ್ಜೆರಿ ಜನರ ನೆಲದ ಮೇಲೆ, ಅವರ ಹಿರಿಯರಿಗೆ ಗೌರವ’ ಎಂಬರ್ಥದ ಮಾತು ಹೇಳುತ್ತಾರಂತೆ. ಅವನಿಗೆ ಅದು ಓರಿಯಂಟೇಶನ್ನಿನ ಫಾರ್ಮಾಲಿಟಿ. ಸ್ನ್ಯಾಕ್ಸ್ ಕೊಡುವುದಕ್ಕೆ ಮುಂಚಿನ ಎರಡು ನಿಮಿಷ. ಮೇಷ್ಟ್ರು, ‘ಹೇಳದೇ ಇರುವುದಕ್ಕಿಂತ ಹೇಳುವುದು ವಾಸಿ. ಆದರೆ ಹೇಳಿದ ಮೇಲೆ ಏನು ಅನ್ನುವ ಪ್ರಶ್ನೆ ಉಳಿಯುತ್ತದಲ್ಲ’ ಅಂದರು.

ಅಷ್ಟು ಹೊತ್ತಿಗೆ ನನಗೆ ಒಳಗೊಳಗೇ ಸಿಟ್ಟು ಬರಲು ಶುರುವಾಗಿತ್ತು. ಯಾರ ಮೇಲೆ ಗೊತ್ತಿಲ್ಲ. ತಪ್ಪು ಮಾಡಿದವನಿಗೆ ಬರುವ ಸಿಟ್ಟು ಅದು. ಎದ್ದು ನಿಂತು ಕೇಳಿಯೇಬಿಟ್ಟೆ: ‘ಸಾರ್, ಹಾಗಾದ್ರೆ ಎಂಜಿನಿಯರುಗಳು ಏನು ಮಾಡ್ಬೇಕು? ಪ್ರತಿ ಕಲ್ಲಿಗೂ ಪ್ರತಿ ಮರಕ್ಕೂ ಯಾರದ್ದೋ ಕಥೆ ಇರುತ್ತೆ. ಹಂಗಂತ ರೋಡು, ಡ್ಯಾಮು, ಮೈನು ಯಾವುದೂ ಬೇಡ್ವಾ? ನಾವು ಮಾಡೋದು ಪರ್ಮಿಶನ್ ಇದ್ದಾಗ ಮಾತ್ರ ತಾನೇ?’

ಅವರು ಜೂಕನ್ ಗಾರ್ಜ್ ಕಥೆ ಹೇಳಿದರು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾ ಕಬ್ಬಿಣದ ಅದಿರಿನ ನಾಡು. ಅಲ್ಲಿ ಪೂಟು ಕುಂಟಿ ಕುರಮ ಮತ್ತು ಪಿನಿಕುರ ಜನರ ನೆಲದಲ್ಲಿ ಬಂಡೆಯ ಗುಹೆಗಳಿದ್ದವು. ಮನುಷ್ಯರು ಅಲ್ಲಿ ವಾಸ ಮಾಡಿದ ಕುರುಹು 46,000 ವರ್ಷದಷ್ಟು ಹಳೆಯದು. ಅಗೆದಾಗ ಕೂದಲಿನಿಂದ ಹೆಣೆದ ಪಟ್ಟಿಯ ಒಂದು ತುಂಡು ಸಿಕ್ಕಿತ್ತು, 4,000 ವರ್ಷ ಹಿಂದಿನದು. ಅದರ ಡಿ.ಎನ್.ಎ. ಇವತ್ತು ಅಲ್ಲಿರುವ ಜನರ ಡಿ.ಎನ್.ಎ.ಗೆ ಹೊಂದುತ್ತಿತ್ತು. ಯೋಚಿಸಿ, ನಮ್ಮ ಮುತ್ತಜ್ಜಿಯ ಫೋಟೋ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? 2020ರ ಮೇ 24ರಂದು ರಿಯೊ ಟಿಂಟೊ ಕಂಪನಿ ಅದನ್ನು ಸ್ಫೋಟಿಸಿತು. ಸುಮಾರು 80 ಲಕ್ಷ ಟನ್ ಅದಿರಿಗಾಗಿ. ‘ಪರ್ಮಿಶನ್ ಇತ್ತೇ?’ ಅಂತ ಅವರೇ ಕೇಳಿ ಅವರೇ ಉತ್ತರ ಹೇಳಿದರು: ‘ಇತ್ತು. 2013ರಲ್ಲೇ ಸಿಕ್ಕಿತ್ತು. ಕಾನೂನುಬದ್ಧವಾಗಿತ್ತು.’ ಗುಹೆಯ ಮಹತ್ವ ಪೂರ್ತಿ ಗೊತ್ತಾದದ್ದು ಅದರ ಮರುವರ್ಷದ ಅಗೆತದಲ್ಲಿ. ಅನುಮತಿ ಕೊಟ್ಟಾಗಿತ್ತು, ಹಿಂದೆಗೆದುಕೊಳ್ಳುವ ದಾರಿ ಆ ಹಳೇ ಕಾಯ್ದೆಯಲ್ಲಿ ಆ ಜನರಿಗೆ ಇರಲಿಲ್ಲ. ಆಮೇಲೆ ಗಲಾಟೆಯಾಯಿತು, ಸಂಸತ್ತಿನ ತನಿಖೆಯಾಯಿತು, ಕಂಪನಿಯ ಮುಖ್ಯಸ್ಥರೇ ಹುದ್ದೆ ಬಿಡಬೇಕಾಯಿತು. ಗುಹೆ ಹೋಗಿತ್ತು.

ಪಿಲ್ಬಾರಾ ಹೆಸರು ನನಗೆ ಹೊಸದಲ್ಲ. ಸರ್ವೇಯರುಗಳಿಗೆ, ಮೈನಿಂಗ್ ಎಂಜಿನಿಯರುಗಳಿಗೆ ಅಲ್ಲಿ ಕೊಡುವ ಸಂಬಳದ ಸ್ಕ್ರೀನ್‌ಶಾಟ್ ನನ್ನ ಮೊಬೈಲಿನಲ್ಲೇ ಇದೆ. ಆ ಸ್ಫೋಟಕ್ಕೂ ಯಾರೋ ಒಬ್ಬ ಹುಡುಗ ಅಳತೆ ಮಾಡಿರುತ್ತಾನೆ, ಕುಳಿ ಕೊರೆಯುವ ಜಾಗಕ್ಕೆ ಪೇಂಟಿನಲ್ಲಿ ಗುರುತು ಹಾಕಿರುತ್ತಾನೆ. ಅವನ ಶೀಟಿನಲ್ಲಿ ಎಲ್ಲ ಸರಿಯಾಗಿಯೇ ಇದ್ದಿರಬೇಕು.

ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದ. ನನ್ನದೇ ವಯಸ್ಸು, ಬಿ.ಎ. ಓದುತ್ತಿರುವವ, ಜೇನುಕುರುಬರ ಹಾಡಿಯವನು. ಅವನ ತಾತನ ಹಾಡಿ ಇದ್ದದ್ದು ಈಗಿನ ನಾಗರಹೊಳೆ ಕಾಡಿನೊಳಗೆ, ಇವರಿರುವುದು ಹೊರಗೆ. ನನ್ನ ಮೇಲೆ ರೇಗಲಿಲ್ಲ, ಮೆಲ್ಲಗೆ ಹೇಳಿದ. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕು ಕೇಳುವವರು ಬರೀ ಸರ್ಕಾರಿ ಕಾಗದ ತೋರಿಸಬೇಕು ಅಂತಿಲ್ಲ. ಹಳೇ ಬಾವಿ, ಸಮಾಧಿ ಜಾಗ, ದೇವರ ಜಾಗ ಇವೂ ಸಾಕ್ಷಿ. ಊರ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ‘ನಾವು ಗ್ರಾಮಸಭೆ ಸಮಿತಿ ಜತೆ ಕಾಡಿಗೆ ಹೋದಾಗ ಮೊದ್ಲು ಹುಡುಕೋದೇ ಕಲ್ಲುಗಳನ್ನ. ತಾತದೀರನ್ನ ಮಣ್ಣು ಮಾಡಿರೋ ಕಡೆ ನೆಟ್ಟಿರ್ತಾರೆ. ಕೆಲವು ಕಡೆ ಕಲ್ಲು ಇರುತ್ತೆ, ಮ್ಯಾಪಲ್ಲಿ ಇರಲ್ಲ. ಆಗ ಆಫೀಸಿನೋರು ಮ್ಯಾಪ್ ತೋರಿಸ್ತಾರೆ. ನಿಮ್ಮಂಥೋರು ಅಳತೆ ಮಾಡುವಾಗ ಒಂದು ಚುಕ್ಕಿ ಹಾಕಿದ್ರೆ ಸಾಕಿತ್ತು. ಡ್ಯಾಮ್ ಬೇಡ ಅಂತ ಯಾರು ಅಂದ್ರು?’

ನಾನು ಕೂತೆ. ಉತ್ತರ ಇರಲಿಲ್ಲ. ಹೊರಡುವಾಗ ಅವನ ಹತ್ತಿರ ಹೋಗಿ ಮಾತಾಡಬೇಕು ಅಂದುಕೊಂಡೆ. ಹೋಗಿ, ‘ಚಹಾ ಆಯ್ತಾ?’ ಅಂದೆ ಅಷ್ಟೇ. ‘ಆಯ್ತು’ ಅಂದ. ಆ ಹಳ್ಳಿಯ ಹೆಸರು ಹೇಳಿ, ಅಲ್ಲಿ ಮೂರು ಕಲ್ಲು ಇವೆ, ನಿನಗೆ ಗೊತ್ತಾ ಅಂತ ಕೇಳುವಷ್ಟು ಧೈರ್ಯ ಬಾಯಿಗೆ ಬರಲಿಲ್ಲ.

ಹಾಸ್ಟೆಲ್ಲಿಗೆ ಬಂದಾಗ ರೂಮ್‌ಮೇಟ್, ‘ಏನಂದ್ರೋ, ಪಿ.ಆರ್.ಗೆ ಎಷ್ಟು ಪಾಯಿಂಟ್ಸಂತೆ?’ ಅಂತ ಕೇಳಿದ. ಐ.ಇ.ಎಲ್.ಟಿ.ಎಸ್.ಗೆ ಅಂತ ಒಯ್ದಿದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಮೇರ್, ಮಾಲೊ, ಜೂಕನ್ ಅಂತ ನಾಲ್ಕಾರು ಹೆಸರು. ಆಸ್ಟ್ರೇಲಿಯಾ ಆಸೆ ಬಿಟ್ಟೆನೆಂದು ತಿಳಿಯಬೇಡಿ, ಬಿಟ್ಟಿಲ್ಲ. ಸಂಬಳದ ಸ್ಕ್ರೀನ್‌ಶಾಟನ್ನೂ ಡಿಲೀಟ್ ಮಾಡಿಲ್ಲ.

ರಾತ್ರಿ ಊಟ ಆದ ಮೇಲೆ ಟ್ರಂಕಿನಿಂದ ಸರ್ವೆ ಪ್ರಾಜೆಕ್ಟಿನ ಡ್ರಾಯಿಂಗ್ ಶೀಟಿನ ಜೆರಾಕ್ಸ್ ತೆಗೆದೆ. ಒಳ್ಳೇ ಮಾರ್ಕ್ಸ್ ಬಂದಿದ್ದ ಶೀಟು, ಪ್ಲಾಟಿಂಗ್ ಎಲ್ಲ ನನ್ನದೇ. ಕೆರೆ ಏರಿ, ಕೋಡಿ, ಕಾಂಟೂರ್ ಗೆರೆಗಳು, ಒಂದು ಹುಣಸೆ ಮರ, ಒಂದು ವಿದ್ಯುತ್ ಕಂಬ. ಕಲ್ಲುಗಳಿದ್ದ ಕಡೆ ನನ್ನ ಮುದ್ದಾದ ಅಕ್ಷರದಲ್ಲಿ ‘ಬಂಜರು ಭೂಮಿ’ ಅಂತಿತ್ತು.

ಲೆವೆಲ್ ಬುಕ್ ಗೆಳೆಯನ ಹತ್ತಿರ ಇತ್ತು. ಕ್ಯಾಂಪಿನಲ್ಲಿ ನಾನು ಯಂತ್ರದ ಹತ್ತಿರ ನಿಂತು ರೀಡಿಂಗ್ ಕೂಗುವುದು, ಅವನು ಬರೆದುಕೊಳ್ಳುವುದು. ಅವನ ರೂಮಿಗೆ ಹೋಗಿ ಕೇಳಿದರೆ, ಆಗಲೇ ತೆಗೆದು ಮಂಚದ ಮೇಲೆ ಇಟ್ಟುಕೊಂಡಿದ್ದಾನೆ. ಪುಟ ತಿರುಗಿಸಿ ತೋರಿಸಿದ. ಚೇಂಜ್ ಪಾಯಿಂಟ್ 4, ಆರ್.ಎಲ್. 98.465. ಕೊನೆಯ ಷರಾ ಕಾಲಂ ನಾವ್ಯಾರೂ ತುಂಬುವುದಿಲ್ಲ, ತುಂಬಿದರೂ ಮೇಷ್ಟ್ರು ನೋಡುವುದಿಲ್ಲ. ಅದರಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದಿತ್ತು: ‘ಮೂರು ಕಲ್ಲು, ನಡುವಿನದರ ಮೇಲೆ. ಅರಿಶಿನ ಇದೆ.’

‘ಅವತ್ತೇ ನೋಡಿದ್ಯಾ? ಯಾಕೋ ಹೇಳ್ಲಿಲ್ಲ?’ ಅಂದೆ.

‘ನೀನು ಅಜ್ಜಂಗೆ ಏನೋ ಹೇಳ್ತಿದ್ದೆ’ ಅಂದ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆ ಕಡೆಗೆ ಭಾನುವಾರ ಬೆಳಿಗ್ಗೆ ಒಂದು ಬಸ್ಸಿದೆಯಂತೆ, ಹತ್ತೂವರೆಗೆ ಹಳ್ಳಿ ಮುಟ್ಟುತ್ತದಂತೆ. ಲೈಟ್ ಆರಿಸುವ ಮುಂಚೆ ಅವನೇ ಕೇಳಿದ:

‘ಟರ್ಪೆಂಟೈನ್ ಒಂದು ಬಾಟ್ಲಿ ತಗೊಂಡು ಹೋಗೋಣ್ವಾ? ಅದಿಲ್ದೆ ಪೇಂಟ್ ಹೋಗಲ್ಲ.’